ಕಾಲ ಮೇಲೆ ಮೂರು ಕಿಲೋ ತೊಗರಿ

ಈಗಷ್ಟೇ ಮಲಗಿದ್ದಾಳೆ. ಎದ್ದರೆ ಮತ್ತೆ ನನ್ನ ಕೈಗೆ ಪೆನ್ನು ಸಿಗುವುದಿಲ್ಲ, ಅದಕ್ಕೆ ಬೇಗ ಬೇಗ ಬರೆಯುತ್ತಿದ್ದೇನೆ. ನನ್ನ ಮೊಮ್ಮಗಳಿಗೆ ಮೂರೂವರೆ ತಿಂಗಳು. ಹೆಸರು ಗೌರಿ. ತಲೆ ತುಂಬ ಕೂದಲು. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಕುಳಿ ಬೀಳುತ್ತದೆ, ಬಲಗೆನ್ನೆಯಲ್ಲಿ ಬೀಳುವುದಿಲ್ಲ. ಯಾರು ಸಿಕ್ಕರೂ ನಾನು ಇದನ್ನು ಹೇಳುತ್ತೇನೆ. ಕಾಯಿಪಲ್ಯ ಮಾರುವವಳಿಗೆ ಎರಡು ಸಲ ಹೇಳಿದ್ದೇನೆ. ಮೂರನೇ ಸಲ ಹೇಳಲು ಹೋದಾಗ ಅವಳೇ "ಎಡಗಲ್ಲದಾಗ, ಗೊತ್ತದ ತಗೋರಿ" ಎಂದಳು.

ನಾನು ಕಲಿತದ್ದು ಬಸವಕಲ್ಯಾಣದ ಸರಕಾರಿ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಆಮೇಲೆ ಹುಮನಾಬಾದಿಗೆ ಮದುವೆಯಾಗಿ ಬಂದೆ. ಬರೆಯುವ ರೂಢಿ ಇಲ್ಲ. ಮಗಳು ಸವಿತಾ ಹೇಳಿದಳು: "ಯವ್ವಾ, ಬಂದವರಿಗೆಲ್ಲ ಕೂಡಿಸಿಕೊಂಡು ಹೇಳೂದು ಬಿಡು. ಒಮ್ಮೆ ಬರದು ಇಡು. ನಿನ್ನಂಗ ಕಾಲು ಜೋಮು ಹಿಡದು ದವಾಖಾನಿ ಬೆಂಚಿನ ಮ್ಯಾಲ ಕುಂತವರು ಭಾಳ ಮಂದಿ ಅದಾರ." ನನ್ನ ತಪ್ಪುಗಳನ್ನು ಅವಳೇ ತಿದ್ದಿದ್ದಾಳೆ.

ಸಂತೋಷದ ಮಾತನ್ನು ಮೊದಲೇ ಹೇಳಿಬಿಟ್ಟೆ. ಯಾಕೆಂದರೆ ಮುಂದೆ ಬರುವ ದಿನಗಳಲ್ಲಿ ನನಗೆ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ. ಓದುತ್ತ ನಿಮಗೆ ಈ ಮುದುಕಿ ಕಲ್ಲಾಗಿದ್ದಾಳೆ ಅನ್ನಿಸಿದರೆ, ಗೌರಿಯ ಎಡಗೆನ್ನೆ ನೆನೆಸಿಕೊಳ್ಳಿ.

ಮೊದಲು ಗೊತ್ತಾದದ್ದು ಚಪ್ಪಲಿಯಿಂದ. ಯುಗಾದಿ ಮುಗಿದು ಒಂದೆರಡು ವಾರ ಆಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ರೊಟ್ಟಿ ಕೊಟ್ಟು ಮನೆಗೆ ನಡೆದು ಬಂದೆ. ದಿನಾಲೂ ನೂರಿಪ್ಪತ್ತು ಜೋಳದ ರೊಟ್ಟಿ ಬಡಿದು ಕೊಡುವುದು ನನ್ನ ಕೆಲಸ. ನಮ್ಮ ಮನೆಯವರು ಶರಣಪ್ಪ, ಗಂಜಿನಲ್ಲಿ, ಅಂದರೆ ನಮ್ಮೂರ ಧಾನ್ಯದ ಮಾರುಕಟ್ಟೆಯಲ್ಲಿ, ಚೀಲ ತೂಗುವವರು. ಅವರು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ನನ್ನ ಕಾಲು ನೋಡಿದರು.

"ಇನ್ನೊಂದು ಚಪ್ಪಲಿ ಎಲ್ಲಿ?"

ಕೆಳಗೆ ನೋಡಿದೆ. ಬಲಗಾಲಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಕಳಚಿತು ಗೊತ್ತಿಲ್ಲ. ಏಪ್ರಿಲ್ ಬಿಸಿಲಿನ ಡಾಂಬರಿನ ಮೇಲೆ ನಡೆದು ಬಂದಿದ್ದೆ. ಅಂಗಾಲು ಸುಟ್ಟು ಗುಳ್ಳೆ ಎದ್ದಿತ್ತು, ಬೆರಳಿನ ಸಂದಿಯಲ್ಲಿ ಗಾಜಿನ ಚೂರು ಹೊಕ್ಕು ರಕ್ತ ಬರುತ್ತಿತ್ತು. ಅವರು ಕೂತು ಚೂರು ಎಳೆದು ತೆಗೆದರು. ಬೇರೆಯವರ ಕಾಲಿನಿಂದ ತೆಗೆಯುವುದನ್ನು ನೋಡಿದ ಹಾಗೆ ನಾನು ನೋಡುತ್ತಿದ್ದೆ.

"ನೋಯಲಿಲ್ಲೇನು?" ಎಂದರು.

"ಇಲ್ಲ" ಎಂದೆ. ನನಗೆ ಹೆದರಿಕೆಯೂ ಆಗಲಿಲ್ಲ.

ಸಕ್ಕರೆ ಕಾಯಿಲೆ ನನಗೆ ಹತ್ತು ವರ್ಷದಿಂದ ಇದೆ. ಗುಳಿಗೆ ನುಂಗುತ್ತಿದ್ದೆ, ಅಷ್ಟೇ. ಅದನ್ನು ಒಂದು ಬೇನೆ ಎಂದು ತಿಳಿದಿರಲಿಲ್ಲ, ವಯಸ್ಸಿಗೆ ಕೂದಲು ಬೆಳ್ಳಗಾದ ಹಾಗೆ ಅದೂ ಒಂದು ಅಂದುಕೊಂಡಿದ್ದೆ. ಹುಮನಾಬಾದಿನ ಡಾಕ್ಟರ ಬಳಿ ಹೋದೆವು. ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಹೆಂಗಸು ನನ್ನ ಪಟ್ಟಿ ಕಟ್ಟಿದ ಕಾಲು ನೋಡಿ ಒಂದಿಷ್ಟು ಸರಿದು ಜಾಗ ಕೊಟ್ಟಳು, ಕಾಲು ಮೇಲಿಟ್ಟುಕೊಳ್ಳಲಿ ಎಂದು. ಆ ಜಾಗ ನನಗೆ ಈಗಲೂ ನೆನಪಿದೆ.

ಒಳಗೆ ಡಾಕ್ಟರು ಮೀನು ಹಿಡಿಯುವ ಗಾಳದ ದಾರದಂಥ ಒಂದು ಎಳೆ ಹಿಡಿದುಕೊಂಡರು. "ಕಣ್ಣ ಮುಚ್ಚರಿ ಅಮ್ಮ. ಕಾಲಿಗೆ ಮುಟ್ಟಿದಾಗ 'ಹೂಂ' ಅನ್ರಿ" ಎಂದರು. ಕಣ್ಣು ಮುಚ್ಚಿ ಕಾದೆ. ಅವರು ಯಾವಾಗ ಶುರು ಮಾಡುತ್ತಾರೋ ಎಂದು ಬಹಳ ಹೊತ್ತು ಕಾದೆ. ಕೊನೆಗೆ ಕಣ್ಣು ತೆರೆದು "ಮುಟ್ರಿ ಸಾಹೇಬ್ರ, ನಾ ರೆಡಿ ಅದೀನಿ" ಎಂದೆ.

ಅವರು ದಾರವನ್ನು ಮೇಜಿನ ಮೇಲೆ ಇಟ್ಟರು. "ಎರಡೂ ಕಾಲಿಗೆ ಮುಟ್ಟಿ ಮುಗದದರಿ" ಎಂದರು.

ಸಕ್ಕರೆ ಹತೋಟಿಗೆ ಬರಬೇಕು, ತೂಕ ಇಳಿಯಬೇಕು, ಇಲ್ಲದಿದ್ದರೆ ಕಾಲಿನ ಗಾಯವೇ ಮುಂದೆ ಕಾಲನ್ನು ತಿನ್ನುತ್ತದೆ ಎಂದರು. ಗುಳಿಗೆ ಹೆಚ್ಚಿಸಿದರು. ಹಿಂದೆ ಪಟ್ಟಿ ಇರುವ, ಕಳಚದ ಚಪ್ಪಲಿ ಹಾಕಿಕೊಳ್ಳಲು ಹೇಳಿದರು. ನಾನು ಎಲ್ಲದಕ್ಕೂ "ಹೌದ್ರಿ" ಎಂದೆ.

ದವಾಖಾನೆಯ ತೂಕದ ಯಂತ್ರದ ಮೇಲೆ ನಮ್ಮ ಮನೆಯವರಿಗೆ ನಂಬಿಕೆ ಬರಲಿಲ್ಲ. ಮರುದಿನ ಗಂಜಿಗೆ ಕರೆದುಕೊಂಡು ಹೋಗಿ, ತೊಗರಿ ಚೀಲ ತೂಗುವ ಕಾಟಾದ ಮೇಲೆ ನನ್ನನ್ನು ನಿಲ್ಲಿಸಿದರು. ಜೊತೆಯ ಹಮಾಲರು ನಗಾಡಿದರು. ಒಬ್ಬ ಕೂಗಿದ: "ಶರಣಪ್ಪಣ್ಣಾ, ಯಾವ ಊರ ಮಾಲು?"

"ಕಲ್ಯಾಣದ್ದು" ಎಂದರು ಇವರು, ಕಾಟಾದಿಂದ ಕಣ್ಣು ತೆಗೆಯದೆ. "ಎ ಒನ್ ಮಾಲು. ತೊಂಬತ್ನಾಕು. ಬಾರದಾನ ಒಂದು ಕಿಲೋ ತೆಗದ್ರ ತೊಂಬತ್ಮೂರು."

ಬಾರದಾನ ಅಂದರೆ ಖಾಲಿ ಚೀಲದ ತೂಕ. ಯಾವ ಮಾಲು ತೂಗಿದರೂ ಅದನ್ನು ಕಳೆಯುತ್ತಾರೆ. ಇವರು ನನ್ನ ಸೀರೆಯನ್ನು ಬಾರದಾನ ಎಂದು ಕಳೆದಿದ್ದರು. ಎಲ್ಲರೂ ನಕ್ಕರು. ನಗಬೇಕು ಎಂದು ನನಗೂ ಗೊತ್ತಾಯಿತು, ನಕ್ಕೆ.

ನನಗೆ ಹೀಗೆ ಏನೂ ಅನ್ನಿಸದ ಹಾಗೆ ಆದದ್ದು ಕಾಲಿನಿಂದ ಶುರುವಾದದ್ದಲ್ಲ. ಎರಡು ವರ್ಷದ ಹಿಂದೆ ಸವಿತಾಳಿಗೆ ಐದನೇ ತಿಂಗಳಲ್ಲಿ ಹೊಟ್ಟೆಯಲ್ಲಿದ್ದದ್ದು ಹೋಯಿತು. ಅವಳನ್ನು ಕೊಟ್ಟದ್ದು ಬಸವಕಲ್ಯಾಣಕ್ಕೇ, ನನ್ನ ತವರೂರಿಗೆ. ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಕೂತಿದ್ದೆ. ಅವಳು ಅತ್ತಳು. ನಾನು ಅಳಬಾರದು, ನಾನು ಅತ್ತರೆ ಅವಳು ಮುರಿದುಬೀಳುತ್ತಾಳೆ ಎಂದು ತಡೆದುಕೊಂಡೆ. ಆಮೇಲೆ ಮನೆಗೆ ಬಂದು ಅಳೋಣ ಎಂದರೆ ಅಳು ಬರಲಿಲ್ಲ. ಬರುತ್ತದೆ, ಬರುತ್ತದೆ ಎಂದು ಕಾದೆ. ಬರಲೇ ಇಲ್ಲ. ಅಂದಿನಿಂದ ಊಟ ಮಾಡುವುದು ಮಾತ್ರ ಹೆಚ್ಚಾಯಿತು. ರೊಟ್ಟಿ ಬಡಿಯುತ್ತ ಬಡಿಯುತ್ತ ಮುರಿದದ್ದನ್ನು ತಿನ್ನುತ್ತಿದ್ದೆ. ಮುರಿಯದಿದ್ದರೂ ತಿನ್ನುತ್ತಿದ್ದೆ.

ಚಪ್ಪಲಿ ಕಳೆದ ಮೇಲಿನ ವಾರ ಸವಿತಾ ಫೋನು ಮಾಡಿದಳು.

"ಯವ್ವಾ, ಮತ್ತ ಹೊಟ್ಟಿಲೆ ಅದೀನಿ. ಎರಡು ತಿಂಗಳು ಆದೂವು. ಡಾಕ್ಟರಿಗೂ ತೋರಿಸೀವಿ."

"ಹೌದಾ. ಚಲೋ ಆತು ಬಿಡು" ಎಂದೆ. ಹಂಚಿನ ಮೇಲೆ ರೊಟ್ಟಿ ಇತ್ತು, ತಿರುವಿ ಹಾಕಿದೆ. "ಅಷ್ಟೇನಾ?" ಎಂದಳು ಅವಳು ಆ ಕಡೆಯಿಂದ. ಬೆಂದ ರೊಟ್ಟಿಯನ್ನು ಬುಟ್ಟಿಗೆ ಹಾಕಿದೆ.

ನಮ್ಮಲ್ಲಿ ಮೊದಲ ಬಾಣಂತನ ತವರಿನಲ್ಲಿ. ಹೆಣ್ಣಿನ ತಾಯಿ ಕೂಸಿಗೆ ನೀರು ಹಾಕಬೇಕು. ನೆಲದ ಮೇಲೆ ಮಣೆ ಹಾಕಿ, ಎರಡೂ ಕಾಲು ಮುಂದೆ ಚಾಚಿ ಕೂತು, ಕೂಸನ್ನು ಮೊಳಕಾಲ ಕೆಳಗೆ ಕಾಲಿನ ಮೇಲೆ ಉದ್ದಕ್ಕೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹಾಕುವುದು. ನನ್ನವ್ವ ಸವಿತಾಳಿಗೆ ಹಾಗೆಯೇ ಹಾಕಿದ್ದಳು. ನೀರು ಹದವಾಗಿದೆಯೋ ಇಲ್ಲವೋ ಎಂಬುದು ಮೊದಲು ತಿಳಿಯುವುದು ಆ ಕಾಲುಗಳಿಗೇ. ಕೂಸಿಗಿಂತ ಮುಂಚೆ ಕಾಲಿಗೆ ಸುಡುತ್ತದೆ.

ಸುದ್ದಿ ಕೇಳಿ ಬಸವಕಲ್ಯಾಣಕ್ಕೆ ಹೋದೆವು. ನನ್ನ ಬೀಗತಿ ಗಂಗಾಬಾಯಿ ಚಹಾ ಕೊಟ್ಟು, ನನ್ನ ಕಾಲಿನ ಪಟ್ಟಿ ನೋಡಿ, ಎಲ್ಲ ಕೇಳಿಕೊಂಡಳು. ನೇರ ಮಾತಿನ ಹೆಂಗಸು. ಎಲ್ಲರ ಮುಂದೆಯೇ ಹೇಳಿದಳು:

"ಸಿಟ್ಟಾಗಬ್ಯಾಡ್ರಿ ಕಮಲಾಬಾಯಿ. ನಿಮ್ಮ ಕಾಲಾಗ ಗಾಜು ಹೊಕ್ಕಿದ್ದು ನಿಮಗ ತಿಳೀಲಿಲ್ಲ. ನೀರ ಕಾದದ್ದು ಹ್ಯಾಂಗ ತಿಳೀತದ? ನೆಲದ ಮ್ಯಾಲ ಕುಂತ್ರ ಎಬ್ಬಸಾಕ ಇಬ್ಬರು ಬೇಕು ನಿಮಗ. ಬಾಣಂತನ ಇಲ್ಲೇ ಆಗಲಿ."

ನಮ್ಮ ಮನೆಯವರ ಮುಖ ಕೆಂಪಾಯಿತು. "ನಮ್ಮ ಮಗಳ ಬಾಣಂತನ ನಮ್ಮ ಮನ್ಯಾಗ ಆಗ್ತದ" ಎಂದರು.

"ಆಗಲಿ. ಕೂಸಿಗಿ ಯಾರು ನೀರ ಹಾಕ್ತಾರ, ನೀವಾ?" ಎಂದಳು ಗಂಗಾಬಾಯಿ.

ಸವಿತಾ ನನ್ನ ಕಡೆ ನೋಡಿದಳು. ನಾನು ಏನಾದರೂ ಹೇಳುತ್ತೇನೆ ಎಂದು ಕಾದಳು. ಹೊರಡುವಾಗ ಬಾಗಿಲಲ್ಲಿ ನನ್ನ ಸೆರಗು ಹಿಡಿದು ಮೆಲ್ಲಗೆ ಹೇಳಿದಳು: "ಯವ್ವಾ, ನೀನೇ ಹಾಕಬೇಕು." ಅಷ್ಟನ್ನು ಮಾತ್ರ ನಾನು ಹಿಡಿದುಕೊಂಡೆ. ಮನಸ್ಸಿಗೆ ಏನೂ ಹತ್ತದಿದ್ದರೂ ಆ ಮಾತು ಒಂದು ಕೆಲಸ ಹೇಳಿದ ಹಾಗೆ ಉಳಿಯಿತು. ಕೆಲಸ ಮಾಡುವುದು ನನಗೆ ಗೊತ್ತು.

ಬಸವಕಲ್ಯಾಣದಲ್ಲಿ ನನ್ನ ಅಕ್ಕನ ಮಗಳು ರೇಖಾ ಇದ್ದಾಳೆ. ಮನೆಯ ಮುಂದಿನ ಕೋಣೆಯಲ್ಲಿ ತೂಕ ಇಳಿಸುವ ಪುಡಿ ಕೊಡುತ್ತಾಳೆ. ಗೋಡೆಯ ಮೇಲೆ ಅವಳದೇ ಎರಡು ಫೋಟೊ, ಮೊದಲಿನದು ಒಂದು, ಈಗಿನದು ಒಂದು. ಅವಳ ತೂಕ ನಿಜವಾಗಿಯೂ ಇಳಿದಿತ್ತು, ಮೋಸದ ಮಾತಲ್ಲ.

"ಮೌಶಿ, ಮುಂಜಾನಿ ಒಂದು ಗಿಲಾಸು, ಸಂಜೀಕ ಒಂದು ಗಿಲಾಸು. ನಡುವ ಮಧ್ಯಾಹ್ನ ಒಂದು ಹೊತ್ತು ಮನಿ ಊಟ. ಇಷ್ಟೇ. ವಿಚಾರ ಮಾಡೂದೇ ಬ್ಯಾಡ" ಎಂದಳು.

ಆ ಮಾತು ನನಗೆ ಹಿಡಿಸಿತು. ವಿಚಾರ ಮಾಡುವುದು ಬೇಡ.

"ಸಕ್ಕರಿ ಗುಳಿಗಿ?" ಎಂದು ಕೇಳಿದೆ.

"ಬಿಡಬ್ಯಾಡ್ರಿ ಮೌಶಿ, ಎರಡೂ ಕೂಡೇ ನಡೀಲಿ" ಎಂದಳು. ಅವಳಿಗೆ ಸಕ್ಕರೆ ಕಾಯಿಲೆ ಇಲ್ಲ, ಆ ಗುಳಿಗೆ ಏನು ಮಾಡುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಡಾಕ್ಟರಿಗೆ ಹೇಳಬೇಕು ಎಂದು ನನಗೂ ಹೊಳೆಯಲಿಲ್ಲ.

ಡಬ್ಬಿಯ ಮೇಲೆ ಅಳತೆ ಬರೆದಿತ್ತು, ಒಳಗೆ ಅಳೆಯುವ ಚಮಚ ಇತ್ತು. ನಮ್ಮ ಮನೆಯವರು ಅದನ್ನು ನನ್ನ ಗುಳಿಗೆಗಳ ಜೊತೆ, ಔಷಧಿ ಇಡುವ ಗೂಡಿನಲ್ಲಿ ಇಟ್ಟರು. ಅಲ್ಲಿಂದಲೇ ತಪ್ಪು ಶುರುವಾಯಿತು. ಚಮಚದಲ್ಲಿ ಅಳೆದು ಕುಡಿಯುವುದು ಔಷಧಿಯೇ ತಾನೆ? ಊಟವನ್ನು ಯಾರು ಚಮಚದಲ್ಲಿ ಅಳೆಯುತ್ತಾರೆ? ಹಾಗೆ ನಾವಿಬ್ಬರೂ ತಿಳಿದೆವು.

ಮೂರು ತಿಂಗಳು ಕುಡಿದೆ. ಕೇಸರಿ ಬಾದಾಮಿ ವಾಸನೆಯ ತೆಳ್ಳನೆಯ ಹಾಲಿನ ಹಾಗೆ ಇರುತ್ತಿತ್ತು. ತೂಕ ಇಳಿಯಿತು. ಗಂಜಿನ ಕಾಟಾದ ಮೇಲೆ ತೊಂಬತ್ತು, ಎಂಬತ್ತೆಂಟು, ಎಂಬತ್ತಾರು. ಪ್ರತಿ ಸಲವೂ ಇವರು ಬಾರದಾನ ಕಳೆದೇ ಹೇಳುತ್ತಿದ್ದರು. ಸುಳ್ಳೇಕೆ, ಪುಡಿಯಿಂದ ತೂಕ ಇಳಿಯಿತು. ಆದರೆ ಅಗಿಯುವುದು ಇರಲಿಲ್ಲ. ಬೆಳಿಗ್ಗೆ ನೂರಿಪ್ಪತ್ತು ರೊಟ್ಟಿ ಬಡಿಯುತ್ತಿದ್ದೆ, ಜೋಳದ ಹಿಟ್ಟಿಗೆ ಬಿಸಿನೀರು ಬಿದ್ದಾಗ ಏಳುವ ವಾಸನೆ ಮೂಗಿಗೆ ಬರುತ್ತಿತ್ತು, ನನ್ನ ದವಡೆ ತಾನಾಗಿಯೇ ಆಡುತ್ತಿತ್ತು. ಹೊಟ್ಟೆ ತುಂಬಿದೆಯೋ ಹಸಿದಿದೆಯೋ ಎಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಮೊದಲು ಕಾಲು ಹೋಗಿತ್ತು, ಈಗ ಹಸಿವೂ ಹೋಯಿತು ಅನ್ನಿಸಿತು. ನಡು ನಡುವೆ ಕೈ ನಡುಗಿ ಬೆವರು ಬರುತ್ತಿತ್ತು. ಕೊಬ್ಬು ಕರಗುತ್ತಿದೆ ಎಂದುಕೊಂಡೆ.

(ಎದ್ದಿದ್ದಳು. ಹಾಲು ಕುಡಿದು, ನನ್ನ ಕನ್ನಡಕ ಎಳೆದು, ಮತ್ತೆ ಮಲಗಿದಳು. ಎಡಗೆನ್ನೆ. ಎಲ್ಲಿದ್ದೆ?)

ಶ್ರಾವಣದಲ್ಲಿ ಸವಿತಾಳಿಗೆ ಏಳನೇ ತಿಂಗಳು ಹತ್ತಿತು. ಕುಬಸಕ್ಕೆ ದಿನ ನೋಡಿದರು. ತವರಿನವರು ಹೋಗಿ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಕಾರ್ಯ. ಸೋಮವಾರ ಬಂತು. ಶ್ರಾವಣ ಸೋಮವಾರ ನಾನು ಮದುವೆಯಾದಾಗಿನಿಂದ ಉಪವಾಸ ಹಿಡಿದವಳು. ಸಂಜೆ ಪೂಜೆ ಆಗುವ ತನಕ ಊಟವಿಲ್ಲ. ಆದರೆ ಉಪವಾಸಕ್ಕೆ ಔಷಧಿ ಬಿಡುವುದಿಲ್ಲವಲ್ಲ. ನಸುಕಿನಲ್ಲಿ ಎದ್ದು, ಹೊರಡುವ ಗಡಿಬಿಡಿಯಲ್ಲಿ ಅರ್ಧ ಅಳತೆಯ ಪುಡಿಯನ್ನು ಅರ್ಧ ಗಿಲಾಸು ನೀರಿನಲ್ಲಿ ಕಲಸಿ ಕುಡಿದೆ, ಗುಳಿಗೆಗಳನ್ನು ಪೂರ್ತಿ ನುಂಗಿದೆ. ಔಷಧಿ ಆಯಿತು. ಮಧ್ಯಾಹ್ನದ ಊಟ, ದಿನಕ್ಕೆ ಇದ್ದದ್ದೇ ಒಂದು ಊಟ, ಉಪವಾಸಕ್ಕೆ ಹೋಯಿತು.

ಬಸವಕಲ್ಯಾಣಕ್ಕೆ ಹೋಗಿ ಮುಟ್ಟಿದೆವು. ಬಳೆಗಾರ ಬರುವುದು ತಡವಾಯಿತು. ಮಧ್ಯಾಹ್ನ ಎರಡು ದಾಟಿತು. ಸವಿತಾಳನ್ನು ಮಣೆಯ ಮೇಲೆ ಕೂಡಿಸಿದರು. ಉಡಿಯ ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟ ತಾಟು ಹಿಡಿದು ನಾನು ಮುಂದೆ ಬಂದೆ. ಹೆಂಗಸರ ಹಾಡು ಬಹಳ ದೂರದಿಂದ ಕೇಳಿಸಿತು. ಸವಿತಾಳ ಮುಖ ಎರಡಾಯಿತು. ತಾಟು ಕೈಯಿಂದ ಹೋದದ್ದು ಗೊತ್ತಾಗಲಿಲ್ಲ, ಅದು ನೆಲಕ್ಕೆ ಬಿದ್ದ ಸಪ್ಪಳ ಮಾತ್ರ ಕೇಳಿತು.

ಆಮೇಲೆ ನನಗೆ ನೆನಪಿರುವುದು ಬಾಯಲ್ಲಿ ಸಿಹಿ. ಯಾರದೋ ತೊಡೆಯ ಮೇಲೆ ನನ್ನ ತಲೆ. ಯಾರೋ ಬೆರಳಿನಿಂದ ನನ್ನ ವಸಡಿಗೆ ಸಕ್ಕರೆ ತಿಕ್ಕುತ್ತಿದ್ದರು. "ಎಲ್ಲಾರೂ ಸರೀರಿ, ಗಾಳಿ ಬರಲಿ. ಕಮಲಾಬಾಯಿ, ಕಣ್ಣ ತೆಗೀರಿ. ನುಂಗಬ್ಯಾಡ್ರಿ, ಚೀಪರಿ. ಚೀಪರಿ ನಮ್ಮವ್ವಾ." ಗಂಗಾಬಾಯಿ. ಅವಳ ರೇಷ್ಮೆ ಸೀರೆಯ ತುಂಬ ಸಕ್ಕರೆ, ಉಡಿಯ ಅಕ್ಕಿ.

ಮಗಳ ಕುಬಸದಲ್ಲಿ ಉಡಿಯಕ್ಕಿ ಚೆಲ್ಲಿದ ತಾಯಿ ನಾನು. ನಾಚಿಕೆಯಿಂದ ಸಾಯಬೇಕಿತ್ತು. ನನಗೆ ನಾಚಿಕೆಯೂ ಆಗಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ನಾನು ನೋಡುತ್ತಿದ್ದದ್ದು ಗಂಗಾಬಾಯಿಯ ಸೀರೆಯ ನೆರಿಗೆಯಲ್ಲಿ ಸಿಕ್ಕಿಕೊಂಡಿದ್ದ ಎರಡು ಅಕ್ಕಿಕಾಳು. ಅಷ್ಟೇ.

ಆಸ್ಪತ್ರೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಇದ್ದಳು. ಸಕ್ಕರೆ ತೀರ ಇಳಿದುಹೋಗಿದೆ ಎಂದಳು. ನಾನು "ಇಳೀಲಿ ಅಂತನೇ ಔಷಧಿ ತಗೊಂಡೀನ್ರಿ" ಎಂದೆ. ಏನೇನು ತೆಗೆದುಕೊಂಡಿರಿ ಎಂದು ಕೇಳಿದಳು. ಹೇಳಿದೆ. ಕೈಚೀಲದಲ್ಲಿದ್ದ ಡಬ್ಬಿಯನ್ನು ನಮ್ಮ ಮನೆಯವರು ತೋರಿಸಿದರು. ಅವಳು ಅದನ್ನು ತಿರುವಿ ತಿರುವಿ ಓದಿದಳು.

"ಅಜ್ಜಿ, ಇದು ಔಷಧಿ ಅಲ್ಲ. ಇದು ಊಟ. ಸಣ್ಣ ಊಟ. ನೀವು ದೊಡ್ಡ ಊಟದ ಗುಳಿಗಿ ನುಂಗಿ, ಸಣ್ಣ ಊಟ ಮಾಡೀರಿ. ಇವತ್ತು ಅದೂ ಅರ್ಧ."

ನಮ್ಮ ಮನೆಯವರು ಡಬ್ಬಿಯನ್ನೇ ನೋಡುತ್ತ ನಿಂತರು. "ಔಷಧಿ ಗೂಡಿನ್ಯಾಗ ಇಟ್ಟಾಂವ ನಾನೇ" ಎಂದರು.

"ಪುಡಿ ವಿಷ ಅಲ್ಲರಿ" ಎಂದಳು ಡಾಕ್ಟರಮ್ಮ. "ಡಾಕ್ಟರು ನೋಡಕೋತ, ಗುಳಿಗಿ ಕಮ್ಮಿ ಮಾಡಕೋತ ಇದರ ಮ್ಯಾಲೆ ತೂಕ ಇಳಸಿದವರೂ ಅದಾರ. ಯಾರಿಗೂ ಹೇಳದೆ ಮಾಡಿದ್ದು ತಪ್ಪು. ಇನ್ನೊಂದು ಮಾತು. ಇದನ್ನ ಎಷ್ಟು ವರ್ಷ ಕುಡೀತೀರಿ? ಬಿಟ್ಟ ಮ್ಯಾಲ ಏನು ಉಣ್ಣಬೇಕು, ಅದು ನಿಮಗ ಗೊತ್ತಾತೇನು?"

ನನಗೆ ಗೊತ್ತಾಗಿರಲಿಲ್ಲ. ಮೂರು ತಿಂಗಳು ಪುಡಿ ಕುಡಿದು ನಾನು ಊಟದ ಬಗ್ಗೆ ಏನನ್ನೂ ಕಲಿತಿರಲಿಲ್ಲ.

ಅವಳು ಗುಳಿಗೆ ಅರ್ಧಕ್ಕೆ ಇಳಿಸಿದಳು. ವಾರಕ್ಕೊಮ್ಮೆ ರಕ್ತ ತೋರಿಸಬೇಕು ಎಂದಳು. ಉಪವಾಸ ನಿಲ್ಲಿಸಬೇಕು ಎಂದಳು. ಊಟದ ಬಗ್ಗೆ ಕೇಳಿದಾಗ ತಾಟಿನ ಚಿತ್ರ ಬರೆದು ಕೊಟ್ಟಳು: ಅರ್ಧ ತಾಟು ಪಲ್ಯ, ಸೊಪ್ಪು, ಹಸಿ ತರಕಾರಿ. ಕಾಲು ಭಾಗ ಮೊಟ್ಟೆ, ಕಾಳು, ಕೋಳಿ, ಮೊಸರು, ಇವುಗಳಲ್ಲಿ ಯಾವುದಾದರೂ. ಉಳಿದ ಕಾಲು ಭಾಗದಲ್ಲಿ ಒಂದೇ ಒಂದು ಸಣ್ಣ ರೊಟ್ಟಿ. ಅನ್ನ, ಸಕ್ಕರೆ, ಬೆಲ್ಲ, ಬಿಸ್ಕಿಟು ಇಲ್ಲ.

"ಒಂದು ರೊಟ್ಟಿ ಅಂದ್ರ ಎಷ್ಟು ದೊಡ್ಡದು?" ಎಂದು ಕೇಳಿದೆ. ಅದು ನನ್ನ ಕಸುಬಿನ ಪ್ರಶ್ನೆ.

ಅವಳು ನನ್ನ ಕೈ ಹಿಡಿದು ಅಂಗೈ ಬಿಡಿಸಿ ತೋರಿಸಿದಳು. "ಇಷ್ಟು."

ಆ ದಿನ ನನ್ನನ್ನು ಅಲ್ಲಿಯೇ ಇಟ್ಟುಕೊಂಡರು. ಎಲ್ಲರನ್ನೂ ಮನೆಗೆ ಕಳಿಸಿ ಗಂಗಾಬಾಯಿ ನನ್ನ ಪಕ್ಕ ಕೂತಳು. ನಾನು ಕೇಳದಿದ್ದರೂ ಹೇಳಿದಳು:

"ನಮ್ಮ ಮನಿಯವರಿಗಿ ಸಕ್ಕರಿ ಇತ್ತು. ಬೆರಳಿಗಿ ಮುಳ್ಳು ಹೊಕ್ಕಿತ್ತು, ಅವರಿಗಿ ತಿಳೀಲಿಲ್ಲ. ಮೊದಲ ಬೆರಳ ತೆಗದ್ರು. ಆಮ್ಯಾಲ ಪಾದ. ಆಮ್ಯಾಲ ಮೊಳಕಾಲ ತನಕ. ವರ್ಷದಾಗ ಹೋದ್ರು. ಅವತ್ತು ನಿಮ್ಮ ಕಾಲಿನ ಪಟ್ಟಿ ನೋಡಿ ನನ್ನ ಎದಿ ಒಡೀತು. ಮಾತು ಬಿರುಸಾಗಿ ಬಂತು. ನನ್ನ ಬಾಯಿ ಹಂಗೇ ಅದ."

"ನಾ ಸಿಟ್ಟಾಗಿಲ್ರಿ" ಎಂದೆ. ನಿಜವಾಗಿಯೂ ಆಗಿರಲಿಲ್ಲ. ಆಗುವ ಶಕ್ತಿ ಇರಲಿಲ್ಲ.

"ಆಗ್ಬೇಕಾಗಿತ್ತು" ಎಂದಳು ಅವಳು. "ನಾ ಆಗಿದ್ರ ತಾಟ ಒಗದು ಹೋಗ್ತಿದ್ದೆ."

ಮುಂದಿನ ಮೂರು ತಿಂಗಳು ನನಗೆ ಊಟ ಕಲಿಸಿದವಳು ಅವಳೇ, ಫೋನಿನಲ್ಲಿ. ಗಂಡನಿಗೆ ಮಾಡಿ ಹಾಕಿ ಕಲಿತಿದ್ದಳು. ಆ ಕಲಿಕೆ ಅವರಿಗೆ ತಡವಾಗಿ ಸಿಕ್ಕಿತ್ತು. ದಿನಾ ಬೆಳಿಗ್ಗೆ "ಇವತ್ತೇನು?" ಎಂದು ಕೇಳುತ್ತಿದ್ದಳು. ಪುಂಡಿಪಲ್ಯ, ಆದರೆ ಅದರಲ್ಲಿ ಜೋಳದ ನುಚ್ಚು ಹಾಕಬಾರದು. ಮೆಂತ್ಯ ಸೊಪ್ಪು ಹಸಿಯದೇ, ಉಳ್ಳಾಗಡ್ಡಿ, ಶೇಂಗಾ ಪುಡಿ ಹಚ್ಚಿ. ಬದನೆಕಾಯಿ ಎಣ್ಣೆಗಾಯಿ. ಎರಡು ಮೊಟ್ಟೆ. ಮೊಳಕೆ ಬಂದ ಹೆಸರು. ರವಿವಾರ ಕೋಳಿ. ಕೆನೆ ಸಮೇತ ಮೊಸರು. ನಾನು ಪುಡಿ ಕುಡಿಯುವಾಗ ಒಲೆಯ ಮುಂದೆ ನನ್ನ ಪಾಲಿಗೆ ಏನೂ ಇರಲಿಲ್ಲ. ಈಗ ಸೊಪ್ಪು ಸೋಸಬೇಕು, ಕಾಳು ನೆನೆಸಬೇಕು. ತಲೆಗೆ ಕೆಲಸ ಬಂತು.

ನೂರಿಪ್ಪತ್ತು ದೊಡ್ಡ ರೊಟ್ಟಿ ಬಡಿದ ಮೇಲೆ ಕೊನೆಗೆ ಅಂಗೈಯಷ್ಟು ಒಂದು ಸಣ್ಣ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ನಡುವೆ ಅದೊಂದೇ ಕೂತಿರುತ್ತಿತ್ತು. ಇವರು "ಯಾರದಿದು, ಬೊಂಬಿ ರೊಟ್ಟಿ?" ಎನ್ನುತ್ತಿದ್ದರು. ಅದನ್ನು ಅಗಿದು ಅಗಿದು ತಿನ್ನುತ್ತಿದ್ದೆ. ಒಂದು ದಿನ ಹನ್ನೊಂದು ಗಂಟೆಗೆ ಹೊಟ್ಟೆ ಚುರ್ ಎಂದಿತು. ಹಸಿವು. ಬಹಳ ದಿನದ ಮೇಲೆ ಬಂದ ನೆಂಟರನ್ನು ನೋಡಿದ ಹಾಗೆ ಸುಮ್ಮನೆ ನಿಂತು ಅದನ್ನು ಕೇಳಿದೆ.

ತೂಕ ಪುಡಿಯ ಕಾಲದ ಹಾಗೆ ಜಾರಲಿಲ್ಲ. ಒಂದು ವಾರ ಅರ್ಧ ಕಿಲೋ, ಒಂದು ವಾರ ಏನೂ ಇಲ್ಲ. ಒಂದು ವಾರ ಏರಿಯೂ ಏರಿತು, ಇವರು ಬಾರದಾನ ಎರಡು ಕಿಲೋ ಕಳೆದು ಸರಿಮಾಡಿದರು. ಆದರೆ ಕೈ ನಡುಗುವುದು ನಿಂತಿತು. ಗುಳಿಗೆಯನ್ನು ಡಾಕ್ಟರಮ್ಮ ಇನ್ನೊಂದಿಷ್ಟು ಕಡಿಮೆ ಮಾಡಿದಳು. ಬೆಳಿಗ್ಗೆ ಪಟ್ಟಿ ಚಪ್ಪಲಿ ಹಾಕಿಕೊಂಡು ಮಾಣಿಕನಗರದ ತನಕ ನಡೆದು ಬರತೊಡಗಿದೆ. ಬಂದ ಮೇಲೆ ಇವರು ನನ್ನ ಎರಡೂ ಅಂಗಾಲು ನೋಡುತ್ತಿದ್ದರು, ಗಾಯ ಇದೆಯೇ ಎಂದು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಕಾಲು ಮುಟ್ಟದ ಮನುಷ್ಯ, ಈಗ ದಿನಾ ಕನ್ನಡಕ ಹಾಕಿಕೊಂಡು ಮುಟ್ಟಿ ನೋಡುತ್ತಾರೆ.

ಇನ್ನು ನೆಲದ ಮೇಲೆ ಕೂರುವುದು. ದೀಪಾವಳಿಗೆ ತಿಂಗಳಿರುವಾಗ ಶುರು ಮಾಡಿದೆ. ಮೊದಲ ದಿನ ಗೋಡೆ ಹಿಡಿದು ಇಳಿದೆ, ಏಳಲು ಆಗಲಿಲ್ಲ. ಇವರು ಕಂಕುಳಿಗೆ ಕೈ ಹಾಕಿ ಎತ್ತಿದರು. "ಮೂವತ್ತು ವರ್ಷ ಕ್ವಿಂಟಲ್ ಚೀಲ ಎತ್ತೀನಿ, ಇದೇನು" ಎಂದರು, ಆದರೆ ಏದುಸಿರು ಬಿಟ್ಟರು. ದಿನಾ ಕೂತೆ, ದಿನಾ ಎದ್ದೆ. ಹದಿನೈದು ದಿನಕ್ಕೆ ಒಬ್ಬಳೇ ಎದ್ದೆ. ಮರುದಿನ ಇವರು ಗಂಜಿನಿಂದ ಬಿಳಿ ಬಟ್ಟೆಯಲ್ಲಿ ಕಟ್ಟಿದ ಒಂದು ಉದ್ದನೆಯ ಗಂಟು ತಂದರು.

"ಏನಿದು?"

"ಮೂರು ಕಿಲೋ ತೊಗರಿ. ಬಾರದಾನ ತೆಗದು ಖರೇ ಮೂರು. ಕಾಲ ಮ್ಯಾಲ ಹಾಕ್ಕೊ. ಕೈಯಾಡಸು. ಉಳ್ಳಿ ಬೀಳಬಾರದು."

ಮಣೆಯ ಮೇಲೆ ಕಾಲು ಚಾಚಿ ಕೂತು ತೊಗರಿ ಗಂಟನ್ನು ಮಲಗಿಸಿಕೊಂಡೆ. ಬೆನ್ನು ತಿಕ್ಕಿದೆ, ಬೋರಲು ಹಾಕಿದೆ, ಅಂಗಾತ ಮಾಡಿದೆ. ಭಾರ ಮೊಳಕಾಲಿಗೆ ತಿಳಿಯುತ್ತಿತ್ತು. ಕೆಳಗೆ ತಿಳಿಯುತ್ತಿರಲಿಲ್ಲ. ಒಂದು ತುದಿ ನಾನು ಹಿಡಿದು, ಇನ್ನೊಂದು ತುದಿ ಬೇರೆ ಯಾರೋ ಹಿಡಿದ ಹಾಗೆ. ಒಂದು ಸಲ ಗಂಟು ಕಾಲಿನಿಂದ ಜಾರಿ ನೆಲಕ್ಕೆ ಬಿತ್ತು, ನನಗೆ ಗೊತ್ತಾಗಲಿಲ್ಲ. ಇವರು ಬಗ್ಗಿ ಎತ್ತಿ, ಧೂಳು ಒರೆಸಿ, ಮತ್ತೆ ಇಟ್ಟರು. ನಾನು ಮತ್ತೆ ಕೈಯಾಡಿಸಿದೆ.

ಸವಿತಾ ಹುಮನಾಬಾದಿಗೆ ಬಂದಳು. ದೀಪಾವಳಿ ಮುಗಿದ ಮೇಲೆ ಹೆರಿಗೆಯಾಯಿತು. ಹೆಣ್ಣು. ಎರಡು ಕಿಲೋ ಎಂಟುನೂರು. "ತೊಗರಿ ಗಂಟಿಗಿಂತ ಇನ್ನೂರು ಗ್ರಾಂ ಕಮ್ಮಿ, ಚಿಂತಿಲ್ಲ" ಎಂದು ಇವರು ಅಳುತ್ತ ಹೇಳಿದರು. ಎಲ್ಲರೂ ಅತ್ತರು. ನಾನು ಕೂಸನ್ನು ಎತ್ತಿಕೊಂಡು ನಿಂತೆ. ಬಿಸಿಯಾಗಿ, ಸಣ್ಣದಾಗಿ ಇತ್ತು. ನಾನು ಅಳಲಿಲ್ಲ. ಮುರಿದ ಯಂತ್ರದ ಹಾಗೆ ನಾನು ಇನ್ನು ಹೀಗೆಯೇ ಎಂದುಕೊಂಡೆ.

ಹೊಕ್ಕುಳು ಬಿದ್ದ ಮೇಲೆ ಮೊದಲ ನೀರು. ಗಂಗಾಬಾಯಿ ಬೆಳಗಿನ ಬಸ್ಸಿಗೆ ಬಸವಕಲ್ಯಾಣದಿಂದ ಬಂದಳು. ಅವಳು ಬಂದದ್ದು ನೋಡಿ ಸವಿತಾಳ ಮುಖ ಸಣ್ಣದಾಯಿತು. ಅತ್ತೆ ತಾನೇ ನೀರು ಹಾಕುತ್ತೇನೆ ಎನ್ನುತ್ತಾಳೋ ಏನೋ ಎಂದು. ಗಂಗಾಬಾಯಿ ನೇರ ಬಚ್ಚಲಿಗೆ ಹೋಗಿ ಸೀರೆ ಎತ್ತಿ ಕಟ್ಟಿಕೊಂಡಳು. ಬಿಸಿನೀರಿನ ಹಂಡೆ, ತಣ್ಣೀರಿನ ಕೊಡ ನಡುವೆ ಕೂತಳು.

"ನೀರ ಹದಾ ನಾ ನೋಡ್ತೀನಿ, ಮೊಳಕೈ ಹಾಕಿ. ಕೂಸಿನ್ನ ನೀವು ಹಿಡೀರಿ" ಎಂದಳು ನನಗೆ. "ನಿಮಗ ಕಾಲ ಇಲ್ಲ, ನನಗ ಸೊಂಟ ಇಲ್ಲ. ಇಬ್ಬರೂ ಕೂಡಿ ಒಬ್ಬ ಅಜ್ಜಿ ಆಗೋಣು."

ಮಣೆಯ ಮೇಲೆ ಕೂತೆ. ಒಬ್ಬಳೇ ಕೂತೆ, ಗೋಡೆ ಹಿಡಿಯದೆ. ಕಾಲು ಚಾಚಿದೆ. ಸವಿತಾ ಕೂಸನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದಳು. ಎಣ್ಣೆ ಹಚ್ಚಿದೆ. ತೊಗರಿ ಗಂಟು ಸುಮ್ಮನಿರುತ್ತಿತ್ತು, ಇದು ಒದೆಯಿತು. ಗಂಗಾಬಾಯಿ ತಂಬಿಗೆ ತುಂಬಿ ಮೊಳಕೈ ಅದ್ದಿ ನೋಡುತ್ತಿದ್ದಳು. ಇವರು ಬಚ್ಚಲ ಬಾಗಿಲಲ್ಲಿ ನಿಂತು ಕಾಟಾದ ಮುಳ್ಳು ನೋಡುವ ಹಾಗೆ ನನ್ನ ಕಾಲುಗಳನ್ನೇ ನೋಡುತ್ತಿದ್ದರು.

ಆಗ ಎಡಗಾಲಿನ ಮೇಲೆ, ಮೊಳಕಾಲಿಗಿಂತ ಕೆಳಗೆ, ಏನೋ ಬಂತು. ಬಿಸಿ. ಒಂದು ಗೆರೆಯ ಹಾಗೆ ಕೆಳಗೆ ಹೋಯಿತು, ಮೀನಖಂಡದ ಪಕ್ಕ, ಕೆಳಗೆ, ಇನ್ನೂ ಕೆಳಗೆ. ಹಿಮ್ಮಡಿಯ ಹತ್ತಿರ ಹೋಗಿ ಅಲ್ಲಿ ಕಳೆದುಹೋಯಿತು.

"ಬಿಸಿ ಅದ!" ಎಂದು ಚೀರಿದೆ. "ನೀರ ಬಿಸಿ ಅದ! ನಿಲ್ಲಸ್ರಿ!"

ಗಂಗಾಬಾಯಿ ತಂಬಿಗೆ ಹಿಡಿದುಕೊಂಡೇ ನನ್ನ ಮುಖ ನೋಡಿದಳು. ತಂಬಿಗೆ ತುಂಬ ನೀರು ಹಾಗೆಯೇ ಇತ್ತು.

"ನಾ ಇನ್ನಾ ನೀರ ಹಾಕೇ ಇಲ್ಲರಿ" ಎಂದಳು.

ಎಲ್ಲರೂ ಕೂಸಿನ ಕಡೆ ನೋಡಿದೆವು. ಕೂಸು ತನ್ನ ಕೆಲಸ ಮುಗಿಸಿ ಆಕಳಿಸಿತು. ನನ್ನ ಕಾಲಿನಿಂದ ಹರಿದು ಮಣೆಯ ಕೆಳಗೆ ಹೋಗುತ್ತಿತ್ತು.

ಸವಿತಾ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಯವ್ವಾ, ಎಲ್ಲಿತನ ತಿಳೀತು?"

ಬೆರಳಿಟ್ಟು ತೋರಿಸಿದೆ. ಇಲ್ಲಿಂದ, ಇಲ್ಲಿಯ ತನಕ. ಪಾದ ಇನ್ನೂ ಸತ್ತಂತೆಯೇ ಇದೆ, ಈಗಲೂ. ಡಾಕ್ಟರಮ್ಮ ಅದು ಬರಬಹುದು, ಬರದೆಯೂ ಇರಬಹುದು ಎಂದಿದ್ದಾಳೆ. ತೂಕ ಎಪ್ಪತ್ತೊಂಬತ್ತಕ್ಕೆ ನಿಂತಿದೆ. ಅಂಗೈಯಷ್ಟು ರೊಟ್ಟಿ ನಡೆದಿದೆ. ನಿಮಗೆ ಪುಡಿ ಸರಿಯೋ, ಸೊಪ್ಪು ಮೊಟ್ಟೆ ಸರಿಯೋ, ಅದನ್ನು ಹೇಳುವ ಓದು ನನಗಿಲ್ಲ. ಏನು ಬಿಟ್ಟರೂ, ಏನು ಹಿಡಿದರೂ, ಗುಳಿಗೆ ಬರೆದುಕೊಟ್ಟವರಿಗೆ ಮೊದಲು ಹೇಳಿ. ಇದೊಂದನ್ನು ಈ ಮುದುಕಿಯ ಮಾತೆಂದು ಇಟ್ಟುಕೊಳ್ಳಿ.

ಆ ದಿನ ನಾನು ನನ್ನ ಕಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿರುವಾಗಲೇ, ಎರಡು ವರ್ಷದಿಂದ ಕಾದ ಅಳು ಬಂತು. ದೊಡ್ಡ ದನಿಯಲ್ಲಿ ಅತ್ತೆ, ಬಾಯಿ ತೆರೆದು. ಕೂಸು ಹೆದರಿ ತಾನೂ ಅತ್ತಿತು. ಕೈ ಮಾತ್ರ ಬಿಡಲಿಲ್ಲ, ತೊಗರಿ ಕಲಿಸಿದ್ದು ಅದನ್ನೇ. ಬಾಗಿಲಲ್ಲಿ ಇವರು ತಲೆವಸ್ತ್ರ ಮುಖಕ್ಕೆ ಒತ್ತಿಕೊಂಡಿದ್ದರು.

ಗಂಗಾಬಾಯಿ ತಂಬಿಗೆಗೆ ಒಂದಿಷ್ಟು ತಣ್ಣೀರು ಬೆರೆಸಿದಳು. ಮತ್ತೆ ಮೊಳಕೈ ಅದ್ದಿದಳು.

"ಅತ್ತಿದ್ದು ಸಾಕು, ಕೂಸು ತಣ್ಣಗಾಗ್ತದ" ಎಂದಳು. "ಹಾಕ್ಲೇನು?"

"ಹಾಕರಿ" ಎಂದೆ.